ಕೆಳಗಿನ ಚುಕ್ಕೆ

ನನ್ನ ಅಂಗಡಿಗೆ ಬಂದವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಕೇಳುವುದು ಒಂದೇ ಮಾತು. "ದಾಕ್ಷಾಯಿಣಮ್ಮ, ಇರೋದ್ರಲ್ಲಿ ಎಲ್ಲಕ್ಕಿಂತ ದೊಡ್ಡದು ಮಾಡಿ ತೋರ್ಸೋ ಐಪೀಸ್ ಯಾವ್ದು?" ದುರ್ಬೀನಿನ ಕೊಳವೆ ತಲೆಮಾರುಗಳಿಂದ ಮನೆಯ ಮಾಳಿಗೆಯ ಮೇಲೆ ನಿಂತಿರುತ್ತದೆ, ಅದನ್ನು ಯಾರೂ ಬದಲಾಯಿಸುವುದಿಲ್ಲ. ಅದರ ಹಿಂಬದಿಗೆ ಸಿಕ್ಕಿಸಿ ಕಣ್ಣಿಡುವ ಈ ಹೆಬ್ಬೆರಳು ಗಾತ್ರದ ಗಾಜಿನ ಸಾಮಾನಿನ ಮೇಲೆ ಮಾತ್ರ ಎಲ್ಲರ ಆಸೆ. ಮನೆಯಲ್ಲಿ ಯಾರಾದರೂ ತೀರಿಕೊಂಡರಂತೂ ಮುಗಿಯಿತು, ತಿಥಿಯ ಮಾರನೆಯ ದಿನವೇ ಬಂದು ನಿಲ್ಲುತ್ತಾರೆ. ನಕ್ಷತ್ರವನ್ನು ನೂರು ಪಟ್ಟು ಹಿಗ್ಗಿಸಿದರೂ ಅದು ಚುಕ್ಕೆಯೇ, ಐನೂರು ಪಟ್ಟು ಹಿಗ್ಗಿಸಿದರೆ ನಡುಗುವ ಚುಕ್ಕೆ, ಅಷ್ಟೇ ವ್ಯತ್ಯಾಸ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಕೇಳುವವರಿಗೂ ಅದು ಗೊತ್ತು. ಆದರೂ ಇನ್ನಷ್ಟು ಹತ್ತಿರ ಹೋಗಬೇಕು ಅನ್ನಿಸುತ್ತದೆ, ಅದಕ್ಕೆ ನಾನೇನು ಮಾಡಲಿ.

ಬೇರೆ ಊರುಗಳಲ್ಲಿ ಸಂಜೆ ದೀಪ ಹಚ್ಚುತ್ತಾರಂತೆ. ನಮ್ಮೂರಿನಲ್ಲಿ ಕತ್ತಲಾಗುತ್ತಿದ್ದಂತೆ ಗಂಟೆ ಹೊಡೆದು ಇದ್ದಬದ್ದ ದೀಪಗಳನ್ನೆಲ್ಲ ಆರಿಸುತ್ತಾರೆ. ಮನೆಗೊಬ್ಬರು ಮಾಳಿಗೆ ಹತ್ತುತ್ತಾರೆ, ಉತ್ತರಕ್ಕೆ ನೆಟ್ಟ ದುರ್ಬೀನಿಗೆ ಕಣ್ಣಿಟ್ಟು ತಮ್ಮ ಮನೆಯ ನಕ್ಷತ್ರವನ್ನು ಹುಡುಕುತ್ತಾರೆ, ಆ ಮನೆಯಲ್ಲಿ ತೀರಿಕೊಂಡು ಅಲ್ಲಿಗೆ ಹೋದವರ ಹೆಸರುಗಳನ್ನು ಒಂದೊಂದಾಗಿ ಹೇಳಿ ಇಳಿಯುತ್ತಾರೆ. ಎರಡನೆಯ ಗಂಟೆಗೆ ದೀಪಗಳು ಬರುತ್ತವೆ, ಒಲೆಯ ಮೇಲೆ ಅನ್ನಕ್ಕೆ ಇಡುತ್ತಾರೆ. ಹೀಗೆ ನೋಡಿದ ನಕ್ಷತ್ರ ಉರಿಯುತ್ತಿರುತ್ತದೆ, ನೋಡದೆ ಬಿಟ್ಟದ್ದು ವರ್ಷದೊಳಗೆ ಆರುತ್ತದೆ. ಹೆಸರು ಹೇಳದೆ ನೋಡಿದರೆ ಅದು ನೋಟದ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದಲೇ ನನ್ನಂಥವಳು ಯಾರ ಮಾಳಿಗೆ ಹತ್ತಿ ಫೋಕಸ್ ತಿರುಗಿಸಿದರೂ ಯಾರೂ ಬೇಡ ಅನ್ನುವುದಿಲ್ಲ. ಬೀದಿಯಲ್ಲಿ ಸಾಲಾಗಿರುವ ಮನೆಗಳು ಆಕಾಶದಲ್ಲೂ ಅದೇ ಸಾಲಿನಲ್ಲಿ, ಮೇಲಿನಿಂದ ಕೆಳಕ್ಕೆ ಇವೆ, ವರ್ಷವಿಡೀ ಕದಲುವುದಿಲ್ಲ. ಬರಿಗಣ್ಣಿಗೆ ಮಾತ್ರ ಒಂದೂ ಕಾಣುವುದಿಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಕಟ್ಟುಪಾಡು ಇದೆ. ಮದುವೆಯ ಹಿಂದಿನ ಸಂಜೆ ತವರಿನ ನಕ್ಷತ್ರವನ್ನು ಕೊನೆಯ ಸಲ ತೋರಿಸಿ, ತಾಯಿ ತನ್ನ ಕೈಯಾರೆ ಮಗಳ ಕಣ್ಣು ಮುಚ್ಚುತ್ತಾಳೆ. ಆಮೇಲೆ ಆ ನಕ್ಷತ್ರಕ್ಕೆ ಅವಳು ಹೆಸರು ಹೇಳುವಂತಿಲ್ಲ. ಎರಡು ಮನೆಯ ಹೆಸರುಗಳು ಒಂದೇ ಬಾಯಲ್ಲಿ ಬಂದರೆ ಎರಡೂ ನಕ್ಷತ್ರಗಳು ಮಂಕಾಗುತ್ತವೆ ಎನ್ನುತ್ತಾರೆ. ಅವತ್ತು ನಮ್ಮಮ್ಮನ ಅಂಗೈಯಲ್ಲಿ ಸುಣ್ಣದ ವಾಸನೆಯಿತ್ತು. ಅಪ್ಪ ಸುಣ್ಣದ ಗೂಡು ಇಟ್ಟುಕೊಂಡಿದ್ದರು, ನಮ್ಮದು ಊರಿಗೆಲ್ಲ ಸುಣ್ಣದ ಮನೆ. ನಾನು ಗಂಡನ ಮನೆಗೆ ಬಂದ ಕೆಲವೇ ವರ್ಷಗಳಲ್ಲಿ ಅಪ್ಪ ಹೋದರು, ಅಮ್ಮ ಹೋದಳು, ಕೊನೆಗೆ ಒಂದು ಮಳೆಗಾಲದ ಜ್ವರದಲ್ಲಿ ಇನ್ನೂ ಮದುವೆಯಾಗದ ತಮ್ಮನೂ ಹೋದ. ಮನೆಯಲ್ಲಿ ನೋಡುವವರು ಯಾರೂ ಉಳಿಯಲಿಲ್ಲ. ವರ್ಷ ತುಂಬಿದ ಸಂಜೆ, ಇವತ್ತಿಗೆ ಆರಿರುತ್ತದೆ ಎಂದುಕೊಂಡು ಒಬ್ಬಳೇ ಕೂತು ಅತ್ತು ಸುಮ್ಮನಾದೆ. ಆಮೇಲೆ ಯಾವತ್ತೂ ಆ ಕಡೆಗೆ ದುರ್ಬೀನು ತಿರುಗಿಸಲಿಲ್ಲ. ಆರಿದ ಜಾಗವನ್ನು ನೋಡಿ ಮಾಡುವುದೇನಿತ್ತು?

ನಮ್ಮ ಸುಣ್ಣದ ಮನೆಯ ಗೋಡೆಗೆ ಗೋಡೆ ಸೇರಿದ್ದು ಕೌದಿ ಮನೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವ ಚೆನ್ನಾಜಮ್ಮನ ಮನೆ ಅದು. ನಾನು ಚಿಕ್ಕಂದಿನಿಂದ ಅವರನ್ನು ದೊಡ್ಡಮ್ಮ ಎಂದೇ ಕರೆಯುವುದು. ಹತ್ತಾರು ಹರಕೆ ಹೊತ್ತ ಮೇಲೆ, ತೀರಾ ತಡವಾಗಿ ಅವರಿಗೆ ಹುಟ್ಟಿದವಳು ವನಜ, ನಾನು ಸೊಂಟದ ಮೇಲೆ ಹೊತ್ತು ತಿರುಗಿದ ಮಗು. ಅವಳಿಗೆ ತನ್ನ ಮನೆಯ ಊಟ ಸೇರುತ್ತಿರಲಿಲ್ಲ, ನಮ್ಮಮ್ಮ ತಟ್ಟಿದ ರೊಟ್ಟಿಯೇ ಆಗಬೇಕು. ಸಂಜೆ ದೀಪ ಬರುತ್ತಿದ್ದ ಹಾಗೆ ದೊಡ್ಡಮ್ಮ ಗೋಡೆಯಾಚೆಯಿಂದ, "ಹೊನ್ನಮ್ಮಾ, ನಮ್ ಹುಡುಗಿ ನಿಮ್ಮಲ್ಲಿದಾಳಾ?" ಎಂದು ಕೂಗುವುದು, ನಮ್ಮಮ್ಮ ಒಲೆಯ ಮುಂದಿನಿಂದ ಏಳದೆಯೇ, "ಇದಾಳೆ, ಉಣ್ತಿದಾಳೆ, ಬಿಡ್ರೀ" ಎನ್ನುವುದು. ದಿನಾ ಇದೇ ಕಥೆ. ನನ್ನ ತಮ್ಮನನ್ನು ಕೊಂಡುಹೋದ ಜ್ವರವೇ ವನಜಳನ್ನೂ ಕೊಂಡುಹೋಯಿತು. ದೊಡ್ಡಮ್ಮನ ಗಂಡ, ಅತ್ತೆ ಅದಕ್ಕೂ ಮೊದಲೇ ಹೋಗಿದ್ದರು. ಅಂದಿನಿಂದ ಕೌದಿ ಮನೆಯಲ್ಲಿ ಉಣ್ಣುವವರೂ ಅವರೊಬ್ಬರೇ, ನೋಡುವವರೂ ಅವರೊಬ್ಬರೇ.

ಈ ಬೇಸಿಗೆಯ ಒಂದು ಮಧ್ಯಾಹ್ನ ದೊಡ್ಡಮ್ಮ ಕೋಲೂರಿಕೊಂಡು ಅಂಗಡಿಗೆ ಬಂದರು. ಸೆರಗಿನ ಗಂಟು ಬಿಚ್ಚಿ ಒಂದು ಐಪೀಸ್ ತೆಗೆದು ಮೇಜಿನ ಮೇಲಿಟ್ಟರು.

"ಇದ್ಯಾಕೋ ಕೆಟ್ಟೋಗಿದೆ ಕಣೇ ದಾಕ್ಷಿ. ಏನೂ ಕಾಣಿಸ್ತಿಲ್ಲ. ಇದಕ್ಕಿಂತ ಜೋರಾಗಿರೋದು ಕೊಡು."

ಕೈಗೆತ್ತಿಕೊಂಡು ನೋಡಿದೆ, ನಾಲ್ಕು ಮಿಲಿಮೀಟರಿನದು. ಐಪೀಸಿನ ಮೇಲೆ ಬರೆದಿರುವ ಸಂಖ್ಯೆ ಚಿಕ್ಕದಾದಷ್ಟೂ ಹಿಗ್ಗಿಸುವುದು ಹೆಚ್ಚು. ಆದರೆ ಕಾಣುವ ಆಕಾಶ ಕಡಿಮೆ, ಕಣ್ಣಿಗೆ ಬರುವ ಬೆಳಕೂ ಕಡಿಮೆ. ಇದರ ಗಾಜಂತೂ ಸೂಜಿಯ ಕಣ್ಣಿನಷ್ಟು, ರೆಪ್ಪೆ ತಾಗುವವರೆಗೆ ಹತ್ತಿರ ಹೋಗಬೇಕು, ಕನ್ನಡಕ ಹಾಕಿಕೊಂಡವರಿಗೆ ಆಗುವ ಕೆಲಸವಲ್ಲ. ವನಜ ಹೋದ ತಿಂಗಳಲ್ಲೇ ಊರೂರು ತಿರುಗುವ ವ್ಯಾಪಾರಿಯೊಬ್ಬ, 'ತಾಯೀ, ಇದ್ರಲ್ಲಿ ನಿಮ್ಮ ಮಗು ಕೈಗೆ ಸಿಗೋಷ್ಟು ಹತ್ರ ಬರ್ತದೆ' ಎಂದು ಹೇಳಿ ಕೊಟ್ಟುಹೋಗಿದ್ದನಂತೆ. ಅವನ ಬಾಯಿಗೆ ಮಣ್ಣು ಹಾಕ.

"ಇದು ಕೆಟ್ಟಿಲ್ಲ ದೊಡ್ಡಮ್ಮ. ನಿಮ್ಮ ಕಣ್ಣಿಗೆ ವಯಸ್ಸಾಗಿದೆ."

"ಎರಡೂ ಕಣ್ಣಿನ ಪೊರೆ ತೆಗ್ಸಿದೀನಲ್ಲೇ!"

"ಪೊರೆ ತೆಗೆದ್ರೂ ಒಳಗಿನ ಪರದೆ ಹಳೇದೇ ಅಲ್ವಾ? ಬನ್ನಿ ಇಲ್ಲಿ."

ಹಿಂದಿನ ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಸ್ವಲ್ಪ ಹೊತ್ತು ಕೂರಿಸಿ, ಸಾಲಾಗಿ ತೂತು ಕೊರೆದ ರಟ್ಟನ್ನು ಕಣ್ಣಿನ ಹತ್ತಿರ ಹಿಡಿದು ಪಾಪೆ ಅಳೆದೆ. ಎಳೆಯರ ಪಾಪೆ ಕತ್ತಲಲ್ಲಿ ಚೆನ್ನಾಗಿ ಅರಳುತ್ತದೆ, ಇವರದು ಕಾಳುಮೆಣಸಿನಷ್ಟಾಗಿ ಅಲ್ಲಿಗೇ ನಿಂತಿತು. ಅವರ ಮನೆಯ ಕೊಳವೆಗೆ ಮೂವತ್ತೆರಡರ ಐಪೀಸ್ ಹಾಕಿದರೆ ಹೊರಬರುವ ಬೆಳಕಿನ ಕಂತೆಯೂ ಸರಿಯಾಗಿ ಅಷ್ಟೇ ಅಗಲ, ಒಂದು ಹನಿಯೂ ಪೋಲಾಗುವುದಿಲ್ಲ. ಕನ್ನಡಕ ತೆಗೆಯದೆ ದೂರದಿಂದಲೇ ನೋಡಬಹುದು. ಕಪಾಟಿನಿಂದ ಅದನ್ನು ತೆಗೆದು ಅವರ ಕೈಯಲ್ಲಿಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿದರು.

"ಇದೇನೇ ಇದು, ಪಾವಿನ ಹಾಗಿದೆ. ಇದ್ರಲ್ಲಿ ಎಷ್ಟು ದೊಡ್ಡದಾಗಿ ಕಾಣ್ತದೆ?"

"ದೊಡ್ಡದಾಗಿ ಕಾಣಲ್ಲ. ಅಗಲವಾಗಿ ಕಾಣ್ತದೆ. ಬೆಳಕು ಜಾಸ್ತಿ ಬರ್ತದೆ."

"ಅಗಲ ಕಟ್ಕೊಂಡು ನನಗೇನಾಗ್ಬೇಕು? ಬೀದಿಯೋರ ನಕ್ಷತ್ರ ಎಲ್ಲ ಎಣಿಸ್ಲಾ? ನನ್ನ ಮಗಳೊಬ್ಬಳು ಹತ್ರ ಬಂದ್ರೆ ಸಾಕು ನನಗೆ." ದನಿ ತಗ್ಗಿಸಿ ಹೇಳಿದರು, "ಯುಗಾದಿಯಿಂದ ಈಚೆಗೆ ನಾನು ನೋಡೇ ಇಲ್ಲ ಕಣೇ. ಕಣ್ಣಿಡ್ತೀನಿ, ಬರೀ ಕಪ್ಪು. ಸುಮ್ನೆ ಹೆಸರು ಹೇಳಿ ಇಳೀತೀನಿ. ಹಿಂಗೇ ಆದ್ರೆ ಆರೋಗ್ತದಲ್ಲ? ಕಷ್ಟಪಟ್ಟು ಹೆತ್ತ ಮಗೂನ ಎರಡ್ ಸಲ ಕಳ್ಕೊಬೇಕಾ ನಾನು?"

ಸಂಜೆ ನಾನೇ ಬಂದು ಹಾಕಿಕೊಡುತ್ತೇನೆ, ಒಂದು ಸಲ ನೋಡಿ, ಬೇಡ ಅನ್ನಿಸಿದರೆ ವಾಪಸು ಕೊಡಿ ಎಂದು ಒಪ್ಪಿಸಿದೆ.

ಬಹಳ ವರ್ಷಗಳ ಮೇಲೆ ಆ ಬೀದಿಗೆ ಸಂಜೆಯ ಹೊತ್ತಿನಲ್ಲಿ ಹೋದದ್ದು. ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಸೈಕಲ್ ರಿಪೇರಿಯ ಅಂಗಡಿ. ಅಮ್ಮನ ಒಲೆಯಿದ್ದ ಕಡೆ ಟಯರುಗಳನ್ನು ಪೇರಿಸಿದ್ದರು. ನೋಡದವಳ ಹಾಗೆ ದಾಟಿ ದೊಡ್ಡಮ್ಮನ ಮಾಳಿಗೆ ಹತ್ತಿದೆ. ಮೊದಲನೆಯ ಗಂಟೆ ಹೊಡೆದು ಬೀದಿ ಕತ್ತಲಾಯಿತು, ಸುತ್ತಲಿನ ಮಾಳಿಗೆಗಳಿಂದ ಕೆಮ್ಮು, ಹೆಜ್ಜೆ, ಮುಚ್ಚಳ ತೆಗೆಯುವ ಸದ್ದು ಕೇಳತೊಡಗಿತು. ದುರ್ಬೀನಿನ ಹಿಂಬದಿಗೆ ನಾನು ನಿರೀಕ್ಷಿಸದ ಇನ್ನೊಂದು ಸಾಮಾನು ಸಿಕ್ಕಿಸಿತ್ತು. ಕನ್ನಡಿಯ ಮೊಣಕೈ. ಕೊಳವೆಯೊಳಗಿನ ಬೆಳಕನ್ನು ಮೇಲಕ್ಕೆ ತಿರುಗಿಸುವುದರಿಂದ ನೆಲಕ್ಕೆ ಕೂತು ಕತ್ತು ಹಿಂದಕ್ಕೆ ಹಾಕುವ ಕಷ್ಟವಿಲ್ಲ, ನಿಂತಲ್ಲೇ ಬಗ್ಗಿ ನೋಡಬಹುದು.

"ಇದು ಯಾವಾಗಿಂದು ದೊಡ್ಡಮ್ಮ?"

"ಅವನೇ ಕೊಟ್ಟಿದ್ದು, ಆ ತಿರುಗೋ ವ್ಯಾಪಾರಿ. ಎರಡೂ ಜೊತೆ ಅಂದ. ನನಗೂ ಕತ್ತು ನೋವಿತ್ತು."

ಮೂವತ್ತೆರಡನ್ನು ಅದಕ್ಕೆ ಸಿಕ್ಕಿಸಿ, ತಿರುಪು ಬಿಗಿದು, ಕಣ್ಣಿಟ್ಟು ಫೋಕಸ್ ತಿರುಗಿಸಿದೆ. ಬೀದಿಯ ಆ ತುಂಡು ಪೂರ್ತಿ ಕಾಣಿಸಿತು. ಮೇಲೆ ಕಂಬಾರರ ಮನೆಯ ಕೆಂಪು ಚುಕ್ಕೆ, ಅದೊಂದೇ ಕೆಂಪು ನಮ್ಮ ಬೀದಿಯಲ್ಲಿ. ತೀರಾ ಕೆಳಗೆ ಬಾವಿ ಮನೆಯದು. ನಡುವೆ ನಮ್ಮೆರಡು ಮನೆಗಳ ಜಾಗದಲ್ಲಿ ಒಂದೇ ಒಂದು ಚುಕ್ಕೆ, ಬಹಳ ಸಣ್ಣಗೆ, ಆದರೂ ಉರಿಯುತ್ತಿತ್ತು. ನಮ್ಮದು ಆರಿದೆ, ಅವರದು ಉಳಿದಿದೆ, ಸರಿಯಾಗಿಯೇ ಇದೆ ಎಂದುಕೊಂಡೆ. ಆಮೇಲೆ ಸಾಲನ್ನು ಇನ್ನೊಮ್ಮೆ ನೋಡಿದೆ. ಬೀದಿಯಲ್ಲಿ ಕಂಬಾರರ ಮನೆಗೆ ತಾಗಿದ್ದು ಕೌದಿ ಮನೆ, ಬಾವಿ ಮನೆಗೆ ತಾಗಿದ್ದು ಸುಣ್ಣದ ಮನೆ. ಕೆಂಪು ಚುಕ್ಕೆಯ ಪಕ್ಕ ಖಾಲಿಯಿತ್ತು. ಉರಿಯುತ್ತಿದ್ದದ್ದು ಬಾವಿ ಮನೆಯ ಪಕ್ಕದ್ದು.

ಚಿಕ್ಕವಳಿದ್ದಾಗ ದೊಡ್ಡಮ್ಮನ ಅತ್ತೆ ಹೇಳಿಕೊಡುತ್ತಿದ್ದದ್ದು ನನಗೆ ನೆನಪಿತ್ತು: "ಮೇಲಿಂದು ಸುಣ್ಣದೋರ್ದು, ಕೆಳಗಿಂದು ನಮ್ದು." ಬರೀ ಕೊಳವೆಯಲ್ಲಿ ಆಕಾಶ ತಲೆಕೆಳಗಾಗಿ ಕಾಣುವ ಕಾಲದ ಮಾತು ಅದು. ಮೊಣಕೈ ಹಾಕಿದರೆ ಮೇಲಿನದು ಮೇಲೆ, ಕೆಳಗಿನದು ಕೆಳಗೆ ಬರುತ್ತದೆ, ಅಂದರೆ ಕೆಳಗೆ ಕಾಣುವುದು ಸುಣ್ಣದ ಮನೆಯದು. ಮಗಳು ಹೋದ ದುಃಖದಲ್ಲಿ ದೊಡ್ಡಮ್ಮ ಮೊಣಕೈಯನ್ನೂ ಹಾಕಿದರು, ಒಂದು ಚುಕ್ಕೆಗಿಂತ ಹೆಚ್ಚು ಹಿಡಿಸದ ನಾಲ್ಕರ ಐಪೀಸನ್ನೂ ಹಾಕಿದರು, ಅತ್ತೆ ಹೇಳಿದ್ದ ಹಾಗೆ ಕೆಳಗಿನದನ್ನೇ ಹುಡುಕಿ ಹಿಡಿದರು. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯ ನಕ್ಷತ್ರಕ್ಕೆ ಅವರ ಮಗಳ ಹೆಸರು ಹೇಳುತ್ತ ಬಂದಿದ್ದರು. ಅವರ ಮನೆಯದು, ನೋಡುವವರಿಲ್ಲದೆ, ಯಾವ ಕಾಲಕ್ಕೋ ಆರಿಹೋಗಿತ್ತು.

ಅಮ್ಮ ಇದ್ದಳು. ಅಪ್ಪ, ತಮ್ಮ ಇದ್ದರು. ಅಷ್ಟು ವರ್ಷ ಇದ್ದರು, ನಾನು ಒಂದು ದಿನವೂ ಆ ಕಡೆ ತಿರುಗಿ ನೋಡಲಿಲ್ಲ. ನನಗೆ ಅಳು ಬಂತೋ ಸಂತೋಷವಾಯಿತೋ ಹೇಳಲಾರೆ.

ಅದರ ಹಿಂದೆಯೇ ಹೆದರಿಕೆ ಬಂತು. ಈ ಐಪೀಸ್ ಕೊಟ್ಟರೆ ದೊಡ್ಡಮ್ಮನಿಗೆ ಇಡೀ ಸಾಲು ಕಾಣುತ್ತದೆ, ಸತ್ಯ ಗೊತ್ತಾಗುತ್ತದೆ. ತಮ್ಮದಲ್ಲದ ನಕ್ಷತ್ರಕ್ಕೆ ಅವರು ಯಾಕೆ ಹೆಸರು ಹೇಳುತ್ತಾರೆ? ನಮ್ಮದೂ ಆರುತ್ತದೆ. ಕೊಡದೆ ನಾಲ್ಕನ್ನೇ ಮತ್ತೆ ಸಿಕ್ಕಿಸಿದರೆ ಅವರಿಗೆ ಏನೂ ಕಾಣುವುದಿಲ್ಲ, ಆಗಲೂ ಆರುತ್ತದೆ. ಉಳಿದದ್ದು ಒಂದೇ ದಾರಿ, ಅಗಲದ್ದನ್ನೇ ಕೊಟ್ಟು ಸುಳ್ಳು ಹೇಳುವುದು. ಅವರ ಕಣ್ಣು ಅಷ್ಟು ಮಂಜಾಗಿದೆ, ನನ್ನ ಮಾತಿನ ಮೇಲೆ ಅಷ್ಟು ನಂಬಿಕೆಯಿದೆ, ಯಾವ ಚುಕ್ಕೆ ತೋರಿಸಿ ನಿಮ್ಮದು ಅಂದರೂ ನಂಬುತ್ತಿದ್ದರು.

"ಸರಿಯಾಯ್ತೇನೇ? ಬಿಡು, ಗಂಟೆ ಹೊಡೆದ್ಬಿಡ್ತಾರೆ," ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ದೊಡ್ಡಮ್ಮ ಬಗ್ಗಿದರು. ಕನ್ನಡಕ ರಬ್ಬರಿನ ಅಂಚಿಗೆ ತಾಗಿ ಟಕ್ಕೆಂದಿತು. ಆಮೇಲೆ, "ಅಯ್ಯೋ ನನ್ನವ್ವಾ! ಕಾಣ್ತಾಳೆ! ದಾಕ್ಷೀ, ಕಾಣ್ತಾಳೆ ಕಣೇ!" ಎಂದು ಹುಡುಗಿಯ ಹಾಗೆ ಕೂಗಿದರು. ನನ್ನ ಕೈ ಹುಡುಕಿ ಹಿಡಿದುಕೊಂಡರು. "ವನಜಾಕ್ಷಿ..." ಎಂದು ಶುರು ಮಾಡಿದವರು ಅಲ್ಲಿಗೇ ನಿಂತರು.

"ಇದ್ಯಾಕೆ, ಕಂಬಾರರ ಕೆಂಪು ಮೇಲಿದೆ? ಅದು ನಮ್ಮ ಪಕ್ಕದಲ್ಲಿರಬೇಕಲ್ವಾ?"

'ಮೊಣಕೈ ಹಾಕಿದ್ರೆ ಹಂಗೇ ಕಾಣೋದು, ನೀವು ಹೆಸರು ಹೇಳಿ' ಎನ್ನಬಹುದಿತ್ತು. ಅರ್ಧ ನಿಜವೂ ಹೌದು ಅದು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನ್ನ ಕೈ ಅವರ ಕೈಯಲ್ಲಿತ್ತು, ಸೂಜಿ ಹಿಡಿದು ಹಿಡಿದು ಗಟ್ಟಿಯಾದ ಆ ಬೆರಳುಗಳಲ್ಲಿ. ಎರಡು ಸಲ ಮಗಳನ್ನು ಕಳೆದುಕೊಳ್ಳಬೇಕೇ ಎಂದು ಕೇಳಿದವರಿಗೆ, ಕಳೆದುಕೊಂಡಾಗಿದೆ ಎಂಬುದನ್ನು ಮುಚ್ಚಿಟ್ಟು, ನನ್ನ ಮನೆಯ ದೀಪಕ್ಕೆ ದಿನಾ ಎಣ್ಣೆ ಹಾಕಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

"ದೊಡ್ಡಮ್ಮ, ಅದು ನಿಮ್ಮದಲ್ಲ," ಎಂದೆ. "ನಮ್ಮ ಮನೇದು."

ಮೊಣಕೈ, ತಲೆಕೆಳಗು, ನಾಲ್ಕು, ಮೂವತ್ತೆರಡು ಎಲ್ಲವನ್ನೂ ಹೇಳಿದೆ. ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ. ದುರ್ಬೀನು ಬಿಟ್ಟು ಹಿಂದೆ ಸರಿದು ಮಾಳಿಗೆಯ ಕಟ್ಟೆಯ ಮೇಲೆ ಕೂತರು. ಸುತ್ತಲಿನ ಮಾಳಿಗೆಗಳಿಂದ ಹೆಸರುಗಳು ಕೇಳುತ್ತಿದ್ದವು, ಯಾರದೋ ತಾತ, ಯಾರದೋ ಸೊಸೆ, ಯಾರದೋ ಹಸುಗೂಸು.

"ಸುಳ್ಳು ಹೇಳಕ್ಕೆ ಬರ್ತಿರ್ಲಿಲ್ವೇನೇ ನಿನಗೆ?" ಎಂದು ಕೊನೆಗೆ ಕೇಳಿದರು. ಸಿಟ್ಟಿನಲ್ಲೇ ಕೇಳಿದರು. "ಇನ್ನೆಷ್ಟು ದಿನ ಇರ್ತಿದ್ದೆ ನಾನು? ಅಷ್ಟು ದಿನ ಹೇಳ್ಕೊಂಡಿರ್ತಿದ್ದೆ."

ಆಕಾಶದ ಕಡೆ ನೋಡಿ ಮತ್ತೆ ಕೇಳಿದರು.

"ನಮ್ಮೋರು, ನಮ್ಮತ್ತೆ ಎಲ್ಲಾ ಹೋದ್ರಾ ಹಂಗಾದ್ರೆ?"

"ನಂಗೊತ್ತಿಲ್ಲ ದೊಡ್ಡಮ್ಮ."

ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಾನು ಅವರ ಪಕ್ಕ ಕೂತೆ. ಸಮಾಧಾನ ಹೇಳುವ ಯೋಗ್ಯತೆ ನನಗಿರಲಿಲ್ಲ, ಏಕೆಂದರೆ ಅವರು ಕಳೆದುಕೊಂಡದ್ದರಲ್ಲೇ ನನಗೆ ಸಿಕ್ಕಿತ್ತು. ಅತ್ತು ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು, ಕೌದಿಯ ಹೊಲಿಗೆ ತಪ್ಪಿದಾಗ ಎಲ್ಲಿ ತಪ್ಪಿತೆಂದು ಹುಡುಕುವ ಹಾಗೆ ನಿಧಾನವಾಗಿ ಕೇಳಿದರು.

"ನೋಡೋರಿಲ್ದಿದ್ರೂ ನಿಮ್ಮನೇದು ಆರಿಲ್ಲ. ಯಾಕೆ?"

"ನೀವು ಹೆಸರು ಹೇಳಿದ್ರಲ್ಲ."

"ನಿಮ್ಮೋರ ಹೆಸರು ನಾನು ಹೇಳ್ಲಿಲ್ವಲ್ಲೇ. ನನ್ನ ಮಗಳ ಹೆಸರು, ನಮ್ಮೋರ ಹೆಸರು ಹೇಳಿದ್ದು."

"ಹೌದು."

"ಆ ಹೆಸರು ಅಲ್ಲಿಗೆ ಮುಟ್ಟಿದ್ದಕ್ಕೇ ತಾನೇ ಅದು ಉರೀತಿರೋದು? ಮುಟ್ಟಿದೆ ಅಂದ್ರೆ ಅವಳೂ ಅಲ್ಲೇ ಇರ್ಬೇಕು." ಸ್ವಲ್ಪ ಯೋಚಿಸಿದರು. "ನಮ್ಮೋರು ನನ್ನ ದನಿ ಕೇಳಿದ ಕಡೆ ಬರೋರು, ಬಂದಿರ್ತಾರೆ. ನಮ್ಮತ್ತೆ ಕಥೆ ಗೊತ್ತಿಲ್ಲ. ಬಚ್ಚಲ ನೀರಿನ ಜಗಳ ಆದ್ಮೇಲೆ ಅವಳು ನಿಮ್ಮನೆ ಹೊಸ್ತಿಲು ತುಳಿದೋಳಲ್ಲ." ಅವರ ಬಾಯಲ್ಲಿ ನಗು ಬಂದು ಅಲ್ಲೇ ಹೋಯಿತು. "ಅವಳನ್ನ ಕಳ್ಕೊಂಡೆ ಅಂತ ಕಾಣ್ತದೆ."

ಕೋಲೂರಿ ಎದ್ದು ಮತ್ತೆ ದುರ್ಬೀನಿನ ಹತ್ತಿರ ಹೋದರು. "ಬಾ ಇಲ್ಲಿ. ನಿಮ್ಮಪ್ಪಂದು, ತಮ್ಮಂದು ಪೂರ್ತಿ ಹೆಸರು ನನ್ನ ಕಿವೀಲಿ ಹೇಳು. ನಿಮ್ಮಮ್ಮಂದು ನನಗೆ ಗೊತ್ತು."

"ಎರಡು ಮನೆ ಹೆಸರು ಒಂದೇ ಬಾಯಲ್ಲಿ..."

"ಮಂಕಾಗೋಕೆ ನನಗೆ ಇನ್ನೊಂದು ಮನೆ ಎಲ್ಲಿದೆ? ಹೇಳು, ಹೊತ್ತಾಯ್ತು."

ಆಕಾಶಕ್ಕಲ್ಲ, ಅವರ ಕಿವಿಗೆ ಹೇಳಿದೆ. ಮದುವೆಯಾದ ಮೇಲೆ ಆ ಹೆಸರುಗಳು ನನ್ನ ಬಾಯಿಂದ ಹೊರಗೆ ಬಂದದ್ದು ಅದೇ ಮೊದಲು. ಮಲ್ಲಿಕಾರ್ಜುನಪ್ಪ. ಕರಿಬಸಪ್ಪ. ಅವರು ಒಂದೊಂದನ್ನೂ ತಿದ್ದಿಕೊಂಡು ಹೇಳಿದರು, ತಮ್ಮ ಗಂಡನ ಹೆಸರು ಹೇಳಿದರು, ಬರುವ ಹಾಗಿದ್ದರೆ ಬರಲಿ ಎಂದು ಅತ್ತೆಯ ಹೆಸರನ್ನೂ ಸೇರಿಸಿದರು. ನಮ್ಮಮ್ಮನ ಸರದಿ ಬಂದಾಗ ಮಾತ್ರ ದನಿ ಬದಲಾಯಿತು. ಹೆಸರು ಹೇಳುವ ದನಿ ಬಿಟ್ಟು, ಗೋಡೆಯಾಚೆಗೆ ಕೂಗುತ್ತಿದ್ದ ಆ ಹಳೆಯ ದನಿಯಲ್ಲಿ, ಪಕ್ಕದ ಮಾಳಿಗೆಯವರು ತಿರುಗಿ ನೋಡುವ ಹಾಗೆ ಕೂಗಿದರು.

"ಹೊನ್ನಮ್ಮಾ, ನಮ್ ಹುಡುಗಿ ನಿಮ್ಮಲ್ಲಿದಾಳಾ?"

ಕಣ್ಣನ್ನು ಐಪೀಸಿನಿಂದ ತೆಗೆಯದೆ ಕಾಯುತ್ತ ನಿಂತರು. ಬೀದಿಯಲ್ಲಿ ಎರಡನೆಯ ಗಂಟೆ ಹೊಡೆಯಲು ಶುರುವಾಯಿತು, ಒಂದೊಂದೇ ಮನೆಯಲ್ಲಿ ದೀಪ ಹತ್ತಿತು. ಅವರು ಇನ್ನೂ ಕಾಯುತ್ತಲೇ ಇದ್ದರು.

"ಇದಾಳೆ," ಎಂದೆ ನಾನು. "ಉಣ್ತಿದಾಳೆ, ಬಿಡ್ರೀ."